ಜೀವಿಗಳು ಪರಿಸರಕ್ಕೆ ಹೇಗೆ ಸ್ಪಂದಿಸುತ್ತವೆ: ಈ ವಿಷಯದಲ್ಲಿ ಪಿಎಚ್‌ಡಿ ಹುಡುಕೋದು ಹೇಗೆ

ಎಂಎಸ್ಸಿ ಮುಗಿಯುವ ಹೊತ್ತಿಗೆ ಜೂವಾಲಜಿ, ಬಾಟನಿ ಓದಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಇಕಾಲಜಿ ಕಡೆ ಪಿಎಚ್‌ಡಿ ಮಾಡ್ಬೇಕು, ಯಾವ ಇನ್‌ಸ್ಟಿಟ್ಯೂಟ್ ಒಳ್ಳೇದು?" ಹೆಸರು ಹೇಳೋದು ಸುಲಭ, ಕೆಳಗೆ ಹೇಳಿಯೂ ಇದ್ದೇನೆ. ಆದರೆ ಮೊದಲು ಯಾವ ಪ್ರಶ್ನೆ ನಿಮಗೆ ಇಷ್ಟ ಅಂತ ನೋಡಿಕೊಳ್ಳಿ, ಆಮೇಲೆ ಅದನ್ನು ಯಾರು ಮಾಡುತ್ತಿದ್ದಾರೆ ಅಂತ ನೋಡಿ, ಇನ್‌ಸ್ಟಿಟ್ಯೂಟ್ ಕೊನೆಗೆ ಬರಲಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ದೊಡ್ಡ ಹೆಸರಿನ ಜಾಗಕ್ಕೆ ಸೇರಿ, ಎರಡನೇ ವರ್ಷದಲ್ಲಿ "ನಂಗೆ ಈ ಕೆಲಸ ಇಷ್ಟಾನೇ ಇಲ್ಲ" ಅಂತ ಕ್ಯಾಂಟೀನಲ್ಲಿ ಕೂತಿರುತ್ತಾರೆ.

ಇಕಾಲಜಿ ಅಂದರೆ ಜೀವಿಗಳಿಗೂ ಅವುಗಳ ಪರಿಸರಕ್ಕೂ ಇರುವ ನಂಟಿನ ಅಧ್ಯಯನ. ಈ ಕ್ಷೇತ್ರ ಕಾಡು, ಹುಲಿ, ಆನೆಗೆ ಮುಗಿಯುವುದಿಲ್ಲ. ಬರ ಬಂದಾಗ ರಾಗಿ ಗಿಡ ಏನು ಮಾಡುತ್ತದೆ, ಬಿಸಿಲಲ್ಲಿ ಓತಿಕ್ಯಾತ ಯಾವಾಗ ನೆರಳಿಗೆ ಓಡುತ್ತದೆ, ಹಣ್ಣಿನ ನೊಣಕ್ಕೆ ಹಗಲು ರಾತ್ರಿ ಹೇಗೆ ಗೊತ್ತಾಗುತ್ತದೆ, ಊರಿನ ಗದ್ದಲದಲ್ಲಿ ಹಕ್ಕಿಯ ಹಾಡು ಬದಲಾಗುತ್ತದಾ, ಇವೆಲ್ಲ ಇದರೊಳಗೇ ಬರುತ್ತವೆ. ಹಾಗಾಗಿ ಕಾಡಿಗೆ ಹೋಗಲು ಆಗದವರಿಗೂ ಇಲ್ಲಿ ಜಾಗ ಇದೆ. ಪಾಲಿಹೌಸ್‌ನಲ್ಲಿ, ಲ್ಯಾಬಿನ ಇನ್‌ಕ್ಯುಬೇಟರ್ ಮುಂದೆ, ಬರೀ ಕಂಪ್ಯೂಟರಿನಲ್ಲಿ ಕೂಡ ಥೀಸಿಸ್ ಆಗುತ್ತದೆ.

ಪ್ರಾಣಿಯ ಹೆಸರು ಪ್ರಶ್ನೆ ಆಗೋದಿಲ್ಲ

"ನಾನು ಚಿರತೆ ಮೇಲೆ ಕೆಲಸ ಮಾಡ್ಬೇಕು" ಅಂದರೆ ಪ್ರೊಫೆಸರ್ ಮುಂದಿನ ಮಾತಿಗೆ ಕಾಯುತ್ತಾರೆ. ಚಿರತೆಯ ಬಗ್ಗೆ ಏನು? ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಅರ್ಜಿ ನಿಲ್ಲುವುದು ಇದರ ಮೇಲೆ.

ನಮ್ಮ ಕುರುಚಲು ಕಾಡಿನ ಪೊದೆಗಳಲ್ಲಿ ಟ್ರೀ ಕ್ರಿಕೆಟ್ ಅನ್ನುವ ಸಣ್ಣ ಚಿಮ್ಮಂಡೆ ಇದೆ. ವೈಜ್ಞಾನಿಕ ಹೆಸರು ಈಕ್ಯಾಂಥಸ್ ಹೆನ್ರಿಯೈ. ಕತ್ತಲಾದ ಮೇಲೆ ಗಂಡು ರೆಕ್ಕೆಗೆ ರೆಕ್ಕೆ ಉಜ್ಜಿ ಹೆಣ್ಣನ್ನು ಕರೆಯುತ್ತದೆ. ಆದರೆ ರೆಕ್ಕೆ ಚಿಕ್ಕದು. ಅದರ ಮುಂದೆ ಹುಟ್ಟುವ ಸದ್ದು, ಹಿಂದೆ ಹುಟ್ಟುವ ಸದ್ದು ಅಂಚಿನಲ್ಲಿ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಅದಕ್ಕೆ ಕೆಲವು ಗಂಡುಗಳು ಏನು ಮಾಡುತ್ತವೆ ಗೊತ್ತಾ? ಎಲೆಯ ನಡುವೆ ರೆಕ್ಕೆಯ ಅಳತೆಗೆ ಸರಿಯಾಗಿ ಒಂದು ತೂತು ಕೊರೆದು, ಅದರಲ್ಲಿ ತಲೆ ತೂರಿಸಿ, ರೆಕ್ಕೆಯನ್ನು ಎಲೆಗೆ ಒತ್ತಿ ಹಿಡಿದು ಕೂಗುತ್ತವೆ. ಎಲೆಯೇ ಅಡ್ಡಗೋಡೆ ಆಗುತ್ತದೆ, ಸದ್ದು ಜೋರಾಗುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ರೋಹಿಣಿ ಬಾಲಕೃಷ್ಣನ್ ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಮೈ ಸಣ್ಣ ಇರುವ, ದನಿ ಕಡಿಮೆ ಇರುವ ಗಂಡುಗಳೇ ಈ ಉಪಾಯ ಜಾಸ್ತಿ ಬಳಸುತ್ತವೆ ಅಂತ ತೋರಿಸಿತು.

ಈಗ ನೋಡಿ. "ಚಿಮ್ಮಂಡೆಯ ಅಧ್ಯಯನ" ಅಂತ ಬರೆದರೆ ಏನೂ ಆಗಲಿಲ್ಲ. "ದನಿ ಕಡಿಮೆ ಇರುವ ಗಂಡು ಎಲೆ ಬಳಸಿ ಆ ಕೊರತೆ ತುಂಬಿಕೊಳ್ಳುತ್ತದಾ?" ಅಂದರೆ ಅದು ಪ್ರಶ್ನೆ. ಅದಕ್ಕೆ ಹೌದು ಅಥವಾ ಇಲ್ಲ ಎನ್ನುವ ಉತ್ತರ ಬರಬಹುದು, ಯಾವುದು ಬಂದರೂ ಏನೋ ಗೊತ್ತಾಗುತ್ತದೆ, ಮತ್ತು ಏನನ್ನು ಅಳೆಯಬೇಕು ಅಂತ ಪ್ರಶ್ನೆಯೊಳಗೇ ಇದೆ: ಮೈಯ ಅಳತೆ, ದನಿಯ ಮಟ್ಟ, ಎಲೆಯ ಗಾತ್ರ, ಎಷ್ಟು ಹೆಣ್ಣು ಬಂದವು. ಅಲ್ಲಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಇದೇ ಚಿಮ್ಮಂಡೆಯ ಕೂಗಿನ ಶ್ರುತಿ ಸೆಕೆಯ ರಾತ್ರಿ ಏರುತ್ತದೆ, ಚಳಿಯ ರಾತ್ರಿ ಇಳಿಯುತ್ತದೆ. ಹಾಗಿದ್ದರೆ ಹೆಣ್ಣು ತನ್ನ ಜಾತಿಯ ಗಂಡನ್ನು ಗುರುತಿಸೋದು ಹೇಗೆ? ಹೀಗೆ ಒಂದರ ಬಾಲ ಹಿಡಿದು ಮತ್ತೊಂದು ಬಂದರೆ ಮೂರು ನಾಲ್ಕು ಅಧ್ಯಾಯದ ಥೀಸಿಸ್ ತಾನಾಗಿ ಎದ್ದು ನಿಲ್ಲುತ್ತದೆ.

ಇಂಥ ಪ್ರಶ್ನೆ ನಿಮ್ಮ ಬಳಿ ಈಗಲೇ ಸಿದ್ಧವಾಗಿ ಇರಬೇಕಾಗಿಲ್ಲ. ಇಂಥದ್ದನ್ನು ಕೇಳುವ ರೂಢಿ ಇದೆ ಅಂತ ಕಂಡರೆ ಸಾಕು.

ಇನ್ನೊಂದು ವಿಷಯ ಖಡಾಖಂಡಿತವಾಗಿ ತಿಳಿದಿರಬೇಕು, ಇಂಟರ್‌ವ್ಯೂನಲ್ಲಿ ಅರ್ಧ ಜನ ಮುಗ್ಗರಿಸುವುದು ಇಲ್ಲೇ. ಪರಿಸರ ಬದಲಾದಾಗ ಜೀವಿ ಬದಲಾಯಿತು ಅಂದರೆ ಅದಕ್ಕೆ ಬೇರೆ ಬೇರೆ ಅರ್ಥ ಇದೆ. ಒಂದೇ ಜೀನ್‌ಗಳನ್ನು ಇಟ್ಟುಕೊಂಡೇ, ಬೆಳೆದ ವಾತಾವರಣಕ್ಕೆ ತಕ್ಕಂತೆ ಮೈ ಅಥವಾ ನಡವಳಿಕೆ ಬೇರೆಯಾಗಬಹುದು, ಅದು ಪ್ಲಾಸ್ಟಿಸಿಟಿ. ಹಣ್ಣಿನ ನೊಣವನ್ನು 25 ಡಿಗ್ರಿಯಲ್ಲಿ ಸಾಕಿದರೆ ಮೊಟ್ಟೆಯಿಂದ ನೊಣ ಆಗಲು ಸುಮಾರು 10 ದಿನ. 18 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು, ಮತ್ತು ಹೊರಬರುವ ನೊಣ ಗಾತ್ರದಲ್ಲಿ ದೊಡ್ಡದು. ಜೀನ್ ಅದೇ. ಇದರ ಬದಲು ತಲೆಮಾರುಗಳ ಮೇಲೆ ಆಯ್ಕೆ ನಡೆದು ಜೀನ್‌ಗಳ ಪ್ರಮಾಣವೇ ಬದಲಾದರೆ ಅದು ಅಡಾಪ್ಟೇಷನ್.

ಚಾಮುಂಡಿ ಬೆಟ್ಟದ ಬುಡದಿಂದ ಒಂದಷ್ಟು, ತುದಿಯಿಂದ ಒಂದಷ್ಟು ನೊಣ ಹಿಡಿದು ಅಳೆದು, ಮೇಲಿನವು ದೊಡ್ಡವು ಅಂತ ಕಂಡಿತು ಅಂದುಕೊಳ್ಳಿ. ಇದು ಯಾವುದು? ಅಷ್ಟರಿಂದಲೇ ಹೇಳಲಾಗದು. ಎರಡೂ ಕಡೆಯ ನೊಣಗಳನ್ನು ಲ್ಯಾಬಿಗೆ ತಂದು ಒಂದೇ ಉಷ್ಣತೆಯಲ್ಲಿ, ಒಂದೇ ಆಹಾರದಲ್ಲಿ ಸಾಕಬೇಕು. ಅದೂ ಒಂದೆರಡು ತಲೆಮಾರು, ಯಾಕೆಂದರೆ ತಾಯಿ ಬೆಳೆದ ವಾತಾವರಣದ ಪ್ರಭಾವ ಮೊಟ್ಟೆಯಲ್ಲೂ ಇರುತ್ತದೆ. ಆಮೇಲೂ ವ್ಯತ್ಯಾಸ ಉಳಿದರೆ ಜೀನ್ ಕಡೆ ಬೆರಳು ತೋರಿಸಬಹುದು. ಇದಕ್ಕೆ ಕಾಮನ್ ಗಾರ್ಡನ್ ಪ್ರಯೋಗ ಅಂತಾರೆ. ಇದನ್ನು ಬೋರ್ಡ್ ಮೇಲೆ ಗ್ರಾಫ್ ಬರೆದು ವಿವರಿಸುವಷ್ಟು ಅಭ್ಯಾಸ ಮಾಡಿಕೊಂಡು ಹೋಗಿ. ಆನೆಯಲ್ಲಿ ಈ ಪ್ರಯೋಗ ಯಾಕೆ ಆಗಲ್ಲ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಗರ್ಭವೇ 22 ತಿಂಗಳು, ಪಿಎಚ್‌ಡಿ ಐದಾರು ವರ್ಷ. ಹಾಗಾಗಿ ಅಲ್ಲಿ ದೀರ್ಘಕಾಲದ ದಾಖಲೆಗಳನ್ನು ನೆಚ್ಚಬೇಕು.

ಎಲ್ಲಿ ನೋಡಬೇಕು

ಬೆಂಗಳೂರಲ್ಲಿ ಇರುವವರು ಪುಣ್ಯವಂತರು, ಈ ವಿಷಯಕ್ಕೆ ದೇಶದಲ್ಲೇ ಇಷ್ಟು ಲ್ಯಾಬ್‌ಗಳು ಒತ್ತಟ್ಟಿಗೆ ಇರುವ ಊರು ಅಪರೂಪ. ಐಐಎಸ್‌ಸಿಯ ಸೆಂಟರ್ ಫಾರ್ ಇಕಲಾಜಿಕಲ್ ಸೈನ್ಸಸ್‌ನಲ್ಲಿ ಕಣಜದ ಹುಳಗಳ ಸಮಾಜದಿಂದ ಹಿಡಿದು ಓತಿಕ್ಯಾತದ ಬಣ್ಣದವರೆಗೆ ಕೆಲಸ ನಡೆದಿದೆ. ಮುದುಮಲೈನಲ್ಲಿ 1988ರಿಂದ 50 ಹೆಕ್ಟೇರ್ ಕಾಡಿನ ಮರಗಳನ್ನು ಲೆಕ್ಕ ಇಟ್ಟು ನೋಡುತ್ತಿರುವುದೂ ಇದೇ ಸೆಂಟರ್. ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ ಜಿಕೆವಿಕೆ ಪಕ್ಕದ ಎನ್‌ಸಿಬಿಎಸ್ ಅನ್ನುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಹುಲಿಯ ಜೀನ್, ಹುಲ್ಲುಗಾವಲು, ಚಿಟ್ಟೆ, ಹಿಟ್ಟಿನ ಹುಳ ಹೀಗೆ ಹಲವು ಇವೆ. ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಅನ್ನುವ ನೆಹರೂ ಹೆಸರಿನ ಸಂಶೋಧನಾ ಕೇಂದ್ರದಲ್ಲಿ ಹಣ್ಣಿನ ನೊಣದ ವಿಕಾಸ, ಜೈವಿಕ ಗಡಿಯಾರ, ಕಬಿನಿಯ ಆನೆಗಳು. ಸಂರಕ್ಷಣೆ ಮತ್ತು ಜನ ಎರಡೂ ಬೇಕು ಅನ್ನುವವರಿಗೆ ಏಟ್ರೀ ಅನ್ನುವ ಸಂಶೋಧನಾ ಸಂಸ್ಥೆ.

ಕೃಷಿ ಕಾಲೇಜನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ, ನನಗೆ ಇದು ಅರ್ಥವೇ ಆಗುವುದಿಲ್ಲ. ಗಿಡ ಬರಕ್ಕೆ ಹೇಗೆ ಸ್ಪಂದಿಸುತ್ತದೆ ಅನ್ನೋದು ಬೇಕಿದ್ದರೆ ಜಿಕೆವಿಕೆಯ ಕ್ರಾಪ್ ಫಿಸಿಯಾಲಜಿ ವಿಭಾಗ ನೋಡಿ. ಎಲೆಯಲ್ಲಿರುವ ಇಂಗಾಲದ ಎರಡು ಐಸೊಟೋಪ್‌ಗಳ ಅನುಪಾತ ನೋಡಿ, ಆ ಗಿಡ ತನ್ನ ಬಾಳಿನಲ್ಲಿ ನೀರನ್ನು ಎಷ್ಟು ಜೋಪಾನವಾಗಿ ಬಳಸಿದೆ ಅಂತ ಅಂದಾಜು ಮಾಡುವ ಕೆಲಸ ಅಲ್ಲಿ ಬಹಳ ಹಿಂದಿನಿಂದ ಇದೆ. ಆದರೆ ಕೃಷಿ ವಿಶ್ವವಿದ್ಯಾಲಯಗಳಿಗೆ ದಾರಿ ಬೇರೆ, ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಪರೀಕ್ಷೆ ಮತ್ತು ಕೃಷಿ ಸಂಬಂಧಿ ಸ್ನಾತಕೋತ್ತರ ಪದವಿ ಕೇಳುತ್ತಾರೆ, ಅರ್ಹತೆ ಮೊದಲೇ ಓದಿಕೊಳ್ಳಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಹಣ್ಣಿನ ನೊಣದ ತಳಿಗಳನ್ನು ಸಾಕಿ ಕೊಡುವ ಸ್ಟಾಕ್ ಸೆಂಟರೇ ಇದೆ. ರಾಜ್ಯದ ಹೊರಗೆ ಅಂದರೆ ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್, ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ), ಪುಣೆ, ತಿರುವನಂತಪುರ, ತಿರುಪತಿಯ ಐಸರ್‌ಗಳು, ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು.

ಪರೀಕ್ಷೆ, ದುಡ್ಡು

ಸ್ಟೈಪೆಂಡ್ ಇಲ್ಲದೆ ಪಿಎಚ್‌ಡಿಗೆ ಸೇರಬೇಡಿ. ಮನೆ ಕಡೆ ಎಷ್ಟೇ ಅನುಕೂಲ ಇರಲಿ, ಬೇಡ. ಸಿಎಸ್‌ಐಆರ್-ಯುಜಿಸಿ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಬಂದರೆ 2023ರ ಜನವರಿಯಿಂದ ಜಾರಿಯಾದ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಹಣ ತಿಂಗಳುಗಟ್ಟಲೆ ತಡವಾಗಿ ಬರುವುದು ಹೊಸ ಸಂಗತಿಯಲ್ಲ, ಒಂದಷ್ಟು ಕೈಯಲ್ಲಿ ಇಟ್ಟುಕೊಂಡೇ ಸೇರಿ.

ನೆಟ್‌ನ ಲೈಫ್ ಸೈನ್ಸಸ್ ಪತ್ರಿಕೆ 200 ಅಂಕಕ್ಕೆ. ಅದರಲ್ಲಿ ಸಿ ಭಾಗವೇ 100. 75 ಪ್ರಶ್ನೆ ಕೊಡುತ್ತಾರೆ, 25ಕ್ಕೆ ಉತ್ತರಿಸಿದರೆ ಸಾಕು, ತಲಾ 4 ಅಂಕ. ಅಂದರೆ 13 ಘಟಕಗಳನ್ನೂ ಅರೆದು ಕುಡಿಯುವ ಅಗತ್ಯ ಇಲ್ಲ. ಇಕಾಲಜಿ, ವಿಕಾಸ ಮತ್ತು ನಡವಳಿಕೆ, ಸಸ್ಯ ಮತ್ತು ಪ್ರಾಣಿ ಫಿಸಿಯಾಲಜಿ, ವಿಧಾನಗಳು, ಜೆನೆಟಿಕ್ಸ್, ಇಷ್ಟನ್ನು ಗಟ್ಟಿ ಮಾಡಿಕೊಂಡು ಉಳಿದದ್ದರಲ್ಲಿ ಸುಲಭದ್ದನ್ನು ಹೆಕ್ಕಿಕೊಳ್ಳುವುದು ಜಾಣತನ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಊಹೆ ಮಾಡುತ್ತಾ ಕೂರಬೇಡಿ.

ಜೆಆರ್‌ಎಫ್ ಬರದಿದ್ದರೆ ಎಲ್ಲ ಮುಗಿಯಿತು ಅಂತಲ್ಲ. ಗೇಟ್ ಅನ್ನುವ ಇನ್ನೊಂದು ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಇವೈ ಅಂತ ಇಕಾಲಜಿ ಮತ್ತು ವಿಕಾಸಕ್ಕೇ ಮೀಸಲಾದ ಪತ್ರಿಕೆ ಇದೆ, ನಮ್ಮ ವಿಷಯದವರಿಗೆ ನೆಟ್‌ಗಿಂತ ಇದು ಹತ್ತಿರ ಅನ್ನೋದು ನನ್ನ ಅಭಿಪ್ರಾಯ. ಎನ್‌ಸಿಬಿಎಸ್‌ಗೆ ಅದರ ಮಾತೃಸಂಸ್ಥೆ ಟಿಐಎಫ್‌ಆರ್‌ನವರ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಜೆಜೀಬಿಲ್ಸ್ ಪರೀಕ್ಷೆ ಉಂಟು. ಅದರಲ್ಲಿ ನೆನಪಿಗಿಂತ ತರ್ಕ, ದತ್ತಾಂಶ ಓದುವುದು, ಸ್ವಲ್ಪ ಗಣಿತ ಜಾಸ್ತಿ. ಯೂನಿವರ್ಸಿಟಿಯಲ್ಲಿ ಎಂಎಸ್ಸಿ ಮೊದಲ ರ‍್ಯಾಂಕ್ ಬಂದಿದ್ದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫೆಲೋಶಿಪ್ ನೋಡಿ. ಬಿಎಸ್ಸಿ ಹಂತದಲ್ಲೇ ಇದ್ದೀರಾದರೆ ಎಂಎಸ್ಸಿ, ಪಿಎಚ್‌ಡಿ ಒಟ್ಟಿಗೇ ಆಗುವ ಇಂಟಿಗ್ರೇಟೆಡ್ ಪಿಎಚ್‌ಡಿ ಐಐಎಸ್‌ಸಿ, ಎನ್‌ಸಿಬಿಎಸ್, ಜೆಎನ್‌ಸಿಎಎಸ್‌ಆರ್ ಮೂರರಲ್ಲೂ ಇದೆ. 2022ರ ಯುಜಿಸಿ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದವರು ನೇರ ಪಿಎಚ್‌ಡಿಗೂ ಅರ್ಜಿ ಹಾಕಬಹುದು.

ಪರೀಕ್ಷೆಗಿಂತ ಮೊದಲು ಆರು ತಿಂಗಳೋ ಒಂದು ವರ್ಷವೋ ಯಾವುದಾದರೂ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಇದ್ದು ನೋಡುವುದು ಎಲ್ಲಕ್ಕಿಂತ ಒಳ್ಳೇದು. ಸಂಬಳ ಕಡಿಮೆ. ಆದರೆ ಬೆಳಗ್ಗೆ ಐದಕ್ಕೆ ಎದ್ದು ಟ್ರಾನ್ಸೆಕ್ಟ್ (ಕಂಡ ಜೀವಿಗಳನ್ನು ಎಣಿಸುತ್ತಾ ಹೋಗುವ ಗೊತ್ತುಪಡಿಸಿದ ದಾರಿ) ನಡೆಯೋದು ನಿಮಗೆ ಹಿತವಾ, ಸಂಜೆ ಕೂತು ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಕೋಡ್ ಬರೆಯೋದು ಹಿತವಾ, ಅಥವಾ ಎರಡೂ ಬೇಡವಾ ಅಂತ ಅಲ್ಲೇ ಗೊತ್ತಾಗುತ್ತದೆ. ಇನ್ನೂ ಓದುತ್ತಿರುವವರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ, ಎರಡು ತಿಂಗಳು ಒಳ್ಳೆಯ ಲ್ಯಾಬ್ ಒಳಗಿಂದ ನೋಡಲು ಸಿಗುತ್ತದೆ.

ಪ್ರೊಫೆಸರ್‌ಗೆ ಬರೆಯುವ ಮೇಲ್

"ರೆಸ್ಪೆಕ್ಟೆಡ್ ಸರ್/ಮೇಡಂ, ನಿಮ್ಮ ಸಂಶೋಧನೆ ನನಗೆ ಬಹಳ ಇಷ್ಟವಾಯಿತು, ದಯವಿಟ್ಟು ಅವಕಾಶ ಕೊಡಿ" ಅಂತ ಐವತ್ತು ಜನಕ್ಕೆ ಒಂದೇ ಮೇಲ್ ಹೋಗುತ್ತದೆ. ಸರ್ ಅಥವಾ ಮೇಡಂ ಅನ್ನೋದನ್ನೂ ಅಳಿಸದೆ ಕಳಿಸಿದರೆ ಯಾರು ತಾನೇ ಉತ್ತರ ಬರೀತಾರೆ?

ನಾಲ್ಕೈದು ಸಾಲು ಸಾಕು. ನೀವು ಯಾರು, ಏನು ಓದಿದ್ದೀರಿ ಅಂತ ಒಂದು ಸಾಲು. ಅವರ ಒಂದು ಪ್ರಬಂಧ ನಿಜವಾಗಿ ಓದಿ, ಅದರಲ್ಲಿ ನಿಮಗೆ ತಡೆದ ಒಂದು ಜಾಗ ಹೇಳಿ. ಉದಾಹರಣೆಗೆ, "ನೀವು ಪ್ರಯೋಗದಲ್ಲಿ ದೊಡ್ಡ ಎಲೆ ಕೊಟ್ಟಾಗ ಗಂಡು ಅದನ್ನು ಆರಿಸಿತು. ಕಾಡಿನಲ್ಲಿ ಬೇಸಿಗೆಗೆ ಎಲೆಗಳು ಉದುರಿದಾಗ ಇದು ಬದಲಾಗುತ್ತದಾ ಅಂತ ಯೋಚಿಸುತ್ತಿದ್ದೆ." ಇದು ತಪ್ಪೇ ಇರಬಹುದು, ಪರವಾಗಿಲ್ಲ, ಓದಿದ್ದೀರಿ ಅಂತ ಗೊತ್ತಾಯಿತಲ್ಲ. ಆಮೇಲೆ ನಿಮ್ಮ ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಏನನ್ನು ಅಳೆದಿರಿ ಅಂತ ಒಂದು ಸಾಲು. ಕೊನೆಗೆ ನೇರ ಪ್ರಶ್ನೆ: ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ? ಸಿವಿ ಪಿಡಿಎಫ್‌ನಲ್ಲಿ ಇರಲಿ. ಎರಡು ವಾರ ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ. ಎಐ ಬರೆದುಕೊಟ್ಟ ಹೊಗಳಿಕೆಯ ಪ್ಯಾರಾ ಹಾಕಬೇಡಿ, ದಿನಾ ಅಂಥದ್ದೇ ಬರುತ್ತಿರುವುದರಿಂದ ಮೊದಲ ಸಾಲಿಗೇ ಗೊತ್ತಾಗಿಬಿಡುತ್ತದೆ.

ಆಮೇಲೆ, ಇದನ್ನು ಯಾರೂ ತಪ್ಪಿಸಬಾರದು, ಆ ಲ್ಯಾಬಿನ ಈಗಿನ ವಿದ್ಯಾರ್ಥಿಗಳ ಹತ್ತಿರ ಫೋನಲ್ಲಿ ಮಾತಾಡಿ. ಬರೆದು ಕೇಳಿದರೆ ಎಲ್ಲರೂ "ಗುಡ್ ಲ್ಯಾಬ್" ಅಂತಲೇ ಬರೆಯುತ್ತಾರೆ. ಎಷ್ಟು ವರ್ಷಕ್ಕೆ ಥೀಸಿಸ್ ಮುಗಿಯುತ್ತೆ, ಯಾರಾದರೂ ನಡುವೆ ಬಿಟ್ಟು ಹೋದರಾ, ಫೀಲ್ಡ್ ಜೀಪಿಗೆ ದುಡ್ಡು ಯಾರು ಹಾಕ್ತಾರೆ, ಪೇಪರ್‌ನಲ್ಲಿ ಮೊದಲ ಹೆಸರು ಯಾರದ್ದು ಅಂತ ಹೇಗೆ ನಿರ್ಧಾರ ಆಗುತ್ತೆ, ಮದುವೆಗೆ ಊರಿಗೆ ಹೋಗಲು ರಜೆ ಕೇಳಿದರೆ ಏನಂತಾರೆ. ಉತ್ತರ ಕೊಡುವ ಮೊದಲು ಆ ಕಡೆಯವರು ಎಷ್ಟು ಹೊತ್ತು ಸುಮ್ಮನಿದ್ದರು ಅನ್ನೋದನ್ನೂ ಗಮನಿಸಿ. ಹೆಣ್ಣುಮಕ್ಕಳು ಫೀಲ್ಡ್ ಸ್ಟೇಷನ್‌ನ ವ್ಯವಸ್ಥೆ, ರಾತ್ರಿ ಕೆಲಸಕ್ಕೆ ಜೊತೆ ಯಾರು, ದೂರು ಕೊಡುವ ಸಮಿತಿ ಕೆಲಸ ಮಾಡುತ್ತಿದೆಯಾ ಅಂತಲೂ ಮುಲಾಜಿಲ್ಲದೆ ಕೇಳಬೇಕು.

ಇಂಟರ್‌ವ್ಯೂ ಬಗ್ಗೆ ಜಾಸ್ತಿ ಹೇಳಲ್ಲ. ನಿಮ್ಮ ಎಂಎಸ್ಸಿ ಪ್ರಾಜೆಕ್ಟ್‌ನ ಪ್ರತಿ ಸಂಖ್ಯೆ ನಿಮಗೆ ಗೊತ್ತಿರಬೇಕು. ಯಾಕೆ 30 ಮಾದರಿ, ಯಾಕೆ 300 ಅಲ್ಲ? ಕಂಟ್ರೋಲ್ ಯಾವುದು? ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಹೇಗೆ ಕಂಡುಹಿಡಿಯಬಹುದು ಅಂತ ಜೋರಾಗಿ ಯೋಚಿಸಿ, ಅವರಿಗೂ ನೋಡಬೇಕಿರುವುದು ಅದೇ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್‌ಗೆ ಹೆದರುತ್ತಾರೆ. ಸಣ್ಣ ವಾಕ್ಯ ಮಾತಾಡಿ, ಬೋರ್ಡ್ ಬಳಿ ಹೋಗಿ ಚಿತ್ರ ಬರೆಯಿರಿ, ಎಷ್ಟೋ ಸಲ ಗ್ರಾಫ್ ಬರೆದ ಮೇಲೆ ಮಾತೇ ಬೇಕಾಗುವುದಿಲ್ಲ.

ಫೀಲ್ಡ್ ಅಂದರೆ ಪರ್ಮಿಟ್ ಕೂಡ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಒಂದು ಎಲೆ ಕೀಳಲೂ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು. ಅರಣ್ಯ ಇಲಾಖೆಯಿಂದ ಅದು ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಮಳೆಗಾಲದ ಕಪ್ಪೆಗಳ ಮೇಲೆ ಕೆಲಸ, ಪರ್ಮಿಟ್ ಬಂದದ್ದು ಅಕ್ಟೋಬರ್‌ನಲ್ಲಿ ಅಂದರೆ ಒಂದು ವರ್ಷ ಹೋಯಿತು. ಗೈಡ್‌ಗೆ ಆ ಕಾಡಿನಲ್ಲಿ ಈಗಾಗಲೇ ಪರ್ಮಿಟ್ ಇದೆಯಾ ಅಂತ ಸೇರುವ ಮೊದಲೇ ಕೇಳಿ. ಬೆನ್ನೆಲುಬಿರುವ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇರೆ. ಕ್ಯಾಂಪಸ್‌ನಲ್ಲಿ, ಹೊಲದ ಬದುವಿನಲ್ಲಿ ಸಿಗುವ ಕೀಟ, ಗಿಡಗಳಾದರೆ ಈ ತಲೆನೋವು ಬಹಳ ಕಡಿಮೆ. ಒಂದು ಅಧ್ಯಾಯವಾದರೂ ಪರ್ಮಿಟ್ ಇಲ್ಲದೆ ನಡೆಯುವಂತೆ ಯೋಜಿಸಿ.

ಮಲೆನಾಡಿನಲ್ಲಿ ಕೆಲಸ ಮಾಡುವವರು ಇಂಬಳಕ್ಕೆ ಹೆದರುತ್ತಾರೆ, ಆದರೆ ಹೆದರಬೇಕಾದ್ದು ಉಣುಗಿಗೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಈಗಲೂ ಬೇಸಿಗೆ ಬಂತೆಂದರೆ ಕಾಣಿಸಿಕೊಳ್ಳುತ್ತದೆ, ಅದು ಹರಡುವುದು ಉಣುಗಿನಿಂದ. ಸತ್ತ ಮಂಗ ಕಂಡ ಕಡೆ ಕಾಲಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಹೇಳಿ.

ಕನ್ನಡ ಬರುವುದು ಇಲ್ಲಿ ದೊಡ್ಡ ಆಸ್ತಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೊತೆ, ನಾಗರಹೊಳೆಯ ಜೇನುಕುರುಬರ ಜೊತೆ ನೇರವಾಗಿ ಮಾತಾಡಬಲ್ಲ ವಿದ್ಯಾರ್ಥಿಗೆ ಸಿಗುವ ಮಾಹಿತಿಯೇ ಬೇರೆ. ಯಾವ ಮರ ಈ ವರ್ಷ ತಡವಾಗಿ ಹೂ ಬಿಟ್ಟಿದೆ ಅಂತ ಅವರಿಗೆ ಮೊದಲು ತಿಳಿಯುತ್ತದೆ. ಥೀಸಿಸ್‌ನಲ್ಲಿ ಅವರ ಹೆಸರು ಹಾಕಿ, ದಿನಗೂಲಿ ಸರಿಯಾಗಿ ಕೊಡಿಸಿ.

ಹೊರದೇಶಕ್ಕೆ ಹೋಗುವುದಾದರೆ

ಯುರೋಪಿನಲ್ಲಿ ಪಿಎಚ್‌ಡಿ ಎಷ್ಟೋ ಕಡೆ ಒಂದು ನೌಕರಿ. ವಿಷಯ, ಗೈಡ್, ಸಂಬಳ ಎಲ್ಲ ಹೇಳಿ ಜಾಹೀರಾತು ಕೊಡುತ್ತಾರೆ, ಯುರಾಕ್ಸೆಸ್ ತಾಣದಲ್ಲಿ ಹುಡುಕಬಹುದು. ಮೂರು ನಾಲ್ಕು ವರ್ಷ, ಸಾಮಾನ್ಯವಾಗಿ ಎಂಎಸ್ಸಿ ಇರಬೇಕು. ಜರ್ಮನಿಯ ಯೇನಾದಲ್ಲಿ ಮ್ಯಾಕ್ಸ್ ಪ್ಲಾಂಕ್‌ನ ಕೆಮಿಕಲ್ ಇಕಾಲಜಿ ಸಂಸ್ಥೆ, ಕಾನ್‌ಸ್ಟಾನ್ಸ್‌ನಲ್ಲಿ ಪ್ರಾಣಿಗಳ ನಡವಳಿಕೆಯ ಸಂಸ್ಥೆ ಇವೆ, ಅಲ್ಲಿ ವಿದೇಶಿಯರಿಗೂ ಬಾಗಿಲು ತೆರೆದಿದೆ. ಅಮೆರಿಕದ್ದು ಬೇರೆ ಲೆಕ್ಕ. ಐದಾರು ವರ್ಷ, ಎಂಎಸ್ಸಿ ಕಡ್ಡಾಯ ಅಲ್ಲ, ಡಿಸೆಂಬರ್ ಹೊತ್ತಿಗೆ ಅರ್ಜಿ, ಅದಕ್ಕೂ ಮೊದಲೇ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಪ್ರೊಫೆಸರ್‌ಗೆ ಮೇಲ್ ಮಾಡಿರಬೇಕು. ಅರ್ಜಿ ಶುಲ್ಕ ಡಾಲರ್‌ನಲ್ಲಿ, ವಿನಾಯಿತಿ ಕೇಳಿದರೆ ಕೆಲವರು ಕೊಡುತ್ತಾರೆ, ಕೇಳಲು ನಾಚಿಕೆ ಬೇಡ. ಆದರೆ ಅಲ್ಲಿ ಸೇರಿ, ನಮ್ಮ ಪಶ್ಚಿಮ ಘಟ್ಟದ ಜೀವಿಯ ಮಾದರಿಯನ್ನು ಅಲ್ಲಿಗೆ ಒಯ್ದು ಕೆಲಸ ಮಾಡುವ ಯೋಜನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಗೈಡ್‌ಗೆ ಅಂದಾಜು ಇದೆಯಾ ಕೇಳಿ.

ಇನ್ನು ದಿನಾಂಕಗಳು. ನೆಟ್ ವರ್ಷಕ್ಕೆ ಎರಡು ಸಲ, ಜೆಜೀಬಿಲ್ಸ್ ಸಾಮಾನ್ಯವಾಗಿ ಡಿಸೆಂಬರ್, ಗೇಟ್ ಫೆಬ್ರವರಿ, ಐಐಎಸ್‌ಸಿ ಅರ್ಜಿ ಫೆಬ್ರವರಿ ಮಾರ್ಚ್ ಸುಮಾರಿಗೆ, ಬೇಸಿಗೆಯಲ್ಲಿ ಇಂಟರ್‌ವ್ಯೂ, ಆಗಸ್ಟ್‌ಗೆ ಸೇರುವುದು. ಅಂದರೆ ಈ ಆಗಸ್ಟ್‌ನಲ್ಲಿ ಓದಲು ಕೂತರೆ ಮುಂದಿನ ಆಗಸ್ಟ್‌ಗೆ ಸರಿಹೋಗುತ್ತದೆ. ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೆ ತಿಂಗಳು ಮೊದಲೇ ಹೇಳಿ, ಕೊನೆಯ ದಿನ ಬೆಳಗ್ಗೆ ಫೋನ್ ಮಾಡಿದರೆ ಅವರು ಪರೀಕ್ಷಾ ಡ್ಯೂಟಿಯಲ್ಲಿ ಇರುತ್ತಾರೆ.

ಜಾತಿ ಪ್ರಮಾಣಪತ್ರದ್ದು ನಮ್ಮ ರಾಜ್ಯದವರಿಗೆ ಪ್ರತಿ ವರ್ಷದ ಗೋಳು. 2ಎ, 3ಎ, 3ಬಿ ಅಂತ ಇರುವ ಪತ್ರ ಕೇಂದ್ರದ ಸಂಸ್ಥೆಗಳಲ್ಲಿ, ನೆಟ್‌ನಲ್ಲಿ, ಗೇಟ್‌ನಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡಿಕೊಂಡು, ಕೇಂದ್ರ ಸರ್ಕಾರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರದ ಒಬಿಸಿ ಪತ್ರ ಅಂತ ತಹಶೀಲ್ದಾರ್ ಸಹಿ ಇರುವುದನ್ನು ತರಬೇಕು. ಎಂಎಸ್ಸಿಯಲ್ಲಿ ಶೇ. 55 ಕೇಳುವ ಕಡೆ ಒಬಿಸಿಯವರಿಗೆ ಶೇ. 5 ಸಡಿಲಿಕೆ ಸಿಗುವುದು ಈ ಪತ್ರ ಇದ್ದರೆ ಮಾತ್ರ. ಇಡಬ್ಲ್ಯೂಎಸ್ ಪತ್ರ ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಮಾಡಿಸಬೇಕು. ಅರ್ಜಿ ತೆರೆದ ಮೇಲೆ ನಾಡಕಚೇರಿಗೆ ಓಡಿದರೆ ಸರ್ವರ್ ಡೌನ್ ಅಂತಾರೆ, ಏಪ್ರಿಲ್ ಮೇನಲ್ಲೇ ಮಾಡಿಸಿ ಸ್ಕ್ಯಾನ್ ಮಾಡಿ ಇಟ್ಟುಕೊಂಡುಬಿಡಿ.